ನೋಯುವ ಕಾಲಿನ ಮೇಲೆ

ಕಾರು ನನ್ನ ಗಂಡನ ಕಾಲನ್ನು ರೋಲರಿನ ಚಕ್ರಕ್ಕೆ ಒತ್ತಿ ಪುಡಿ ಮಾಡಿದಾಗ ಮಧ್ಯಾಹ್ನ ಮೂರು ಗಂಟೆ. ಕಣ್ಣು ಕುಕ್ಕುವ ಬಿಸಿಲು. ಕಾರಿನವನಿಗೆ ಕಾಣಲಿಲ್ಲ ಎನ್ನುವ ಮಾತು ನನ್ನ ಹತ್ತಿರ ಬೇಡ. ಅಡ್ಡ ಇಟ್ಟ ಡ್ರಮ್ಮು ಕಾಣುತ್ತಿತ್ತು, ಕೆಂಪು ಬಾವುಟ ಕಾಣುತ್ತಿತ್ತು, ಡಾಂಬರಿನ ಹೊಗೆ ಅರ್ಧ ಮೈಲಿಗೆ ಕಾಣುತ್ತಿತ್ತು. ಅವುಗಳ ನಡುವೆ ದುಡಿಯುತ್ತಿದ್ದ ಹದಿನಾಲ್ಕು ಜನ ಮಾತ್ರ ಕಾಣಲಿಲ್ಲ. ನಾವು ಯಾರ ಕಣ್ಣಿಗೆ ಯಾವತ್ತು ಬಿದ್ದಿದ್ದೇವೆ?

ನಾನು ತಲೆಯ ಮೇಲೆ ಜಲ್ಲಿ ತುಂಬಿದ ಬಾಂಡ್ಲಿ ಹೊತ್ತು ಹತ್ತು ಹೆಜ್ಜೆ ಹಿಂದಿದ್ದೆ. ಮೊದಲು ಡ್ರಮ್ಮು ಹಾರಿತು. ಆಮೇಲೆ ಡಾಂಬರಿನ ಡಬ್ಬ ಹಾರಿತು. ಆಮೇಲೆ ಸಪ್ಪಳ. ಹಸಿ ಕೊಂಬೆ ಮುರಿದ ಸಪ್ಪಳ. ಕುದಿಯುವ ಡಾಂಬರು ಅವನ ಮೊಣಕಾಲಿನಿಂದ ಪಾದದವರೆಗೆ ಸುರಿಯಿತು. ಕಾಲಿಗೆ ಸುತ್ತಿಕೊಂಡಿದ್ದ ಗೋಣಿಚೀಲ ಹೊಗೆಯಾಡಿತು. ಮೂಳೆ ಬೆಳ್ಳಗೆ ಹೊರಗೆ ಬಂದಿತ್ತು. ಅವನು ಕೂಗಲಿಲ್ಲ. ತುಟಿ ಕಚ್ಚಿದ. ತುಟಿ ಹರಿದು ರಕ್ತ ಗಲ್ಲಕ್ಕೆ ಇಳಿಯಿತು. ಕೂಗಿಕೊಂಡವಳು ನಾನು.

ಕಾರಿನವನು ಇಳಿದ. ಇಳಿದವನು ಮೊದಲು ಮುಂದಿನ ದೀಪ ನೋಡಿದ. ಅದು ಒಡೆದಿತ್ತು. "ಥೂ, ಹೋಯ್ತಲ್ಲ" ಎಂದ. ನನ್ನ ತಲೆಯ ಮೇಲೆ ಬಾಂಡ್ಲಿ ಇನ್ನೂ ಇತ್ತು. ಜಲ್ಲಿ ಸಮೇತ ಎತ್ತಿ ಅವನ ಕಾರಿನ ಗಾಜಿಗೆ ಎಸೆದೆ. ಆ ಗಾಜಿಗೆ ವಿಮೆ ಕಂಪನಿ ಎಂಟೇ ದಿನದಲ್ಲಿ ದುಡ್ಡು ಕೊಟ್ಟಿತಂತೆ. ದೀಪಕ್ಕೂ ಕೊಟ್ಟಿತಂತೆ. ಕಾಲಿಗೆ ಬಂದಾಗ ಮಾತ್ರ ಕಂಪನಿಗೆ ನೂರೆಂಟು ಅನುಮಾನ.

ಆಸ್ಪತ್ರೆಯಲ್ಲಿ ಡಾಂಬರು ಕಿತ್ತರು. ಡಾಂಬರಿನ ಜೊತೆ ಚರ್ಮವೂ ಬಂತು. ಮೂಳೆಯೊಳಗೆ ಕಬ್ಬಿಣದ ಸಲಾಕೆ ಹಾಕಿದರು. ನಾಲ್ಕು ತಿಂಗಳಾದ ಮೇಲೆ ಸಲಾಕೆಯ ಸುತ್ತ ಕೀವು ಕಟ್ಟಿತು. ಒಂದೇ ಕೋಣೆಯ ಮನೆ ನಮ್ಮದು. ನಾನು, ಅವನು, ಅತ್ತೆ. ಮೂವರೂ ಆ ವಾಸನೆಯಲ್ಲೇ ಉಂಡೆವು. ದೊಡ್ಡ ಡಾಕ್ಟರು ಎಕ್ಸ್‌ರೇ ಚಿತ್ರ ಹಿಡಿದು ನೋಡಿ ಹೇಳಿದರು: "ಹದಿನೈದು ದಿನದೊಳಗೆ ಕಾಲು ಮತ್ತೆ ಬಿಚ್ಚಿ ಸಲಾಕೆ ಬದಲಾಯಿಸ್ಬೇಕು. ಇಲ್ಲಾಂದ್ರೆ ಮಂಡಿಯಿಂದ ಮೇಲಕ್ಕೆ ಕತ್ತರಿಸ್ಬೇಕಾಗುತ್ತೆ. ವಿಮೆ ಕಂಪನಿಯಿಂದ ಒಪ್ಪಿಗೆ ಪತ್ರ ತನ್ನಿ, ಮಾರನೇ ದಿನಾನೇ ಮಾಡ್ತೀವಿ."

ಹೊಡೆದವನದು ವಿಮೆ, ಏಟು ತಿಂದವನದು ಅರ್ಜಿ. ನಮ್ಮ ಪರವಾಗಿ ಅರ್ಜಿ ಹಾಕಿದ್ದು ಒಬ್ಬ ವಕೀಲೆ. ನನ್ನ ತಂಗಿಯ ವಯಸ್ಸು. ಅವಳು ಹೇಳಿದಳು, "ಅಕ್ಕಾ, ಮೊದ್ಲು ಕಂಪನಿ ಡಾಕ್ಟರು ಅಣ್ಣನ್ನ ನೋಡ್ತಾರೆ. ಅವ್ರು ಹೂಂ ಅಂದ್ರೆ ಪತ್ರ ಬಂದ ಹಾಗೇ."

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಅದು ಗೊತ್ತಿಲ್ಲದವರಿಗೆ ನನ್ನ ಗಂಡ ಹುಚ್ಚನ ಹಾಗೆ ಕಾಣುತ್ತಾನೆ.

ದಿನಾ ಬೆಳಿಗ್ಗೆ ಡಾಂಬರು ಕಾಯಿಸುವ ಮೊದಲು ಮೇಸ್ತ್ರಿ ಲಾರಿಯ ಹಿಂಬದಿಯಲ್ಲಿ ಹಾಜರಿ ಪುಸ್ತಕ ಹಿಡಿದು ಕೂರುತ್ತಾನೆ. ಒಬ್ಬೊಬ್ಬರೇ ಮುಂದೆ ಹೋಗಿ ನಿಲ್ಲಬೇಕು. "ಎಲ್ಲಾದ್ರೂ ನೋವಿದ್ಯಾ?" ಎಂದು ಕೇಳುತ್ತಾನೆ. ಅದು ಕನಿಕರದ ಪ್ರಶ್ನೆಯಲ್ಲ. ಇದೆ ಎಂದರೆ ಅವತ್ತಿನ ಹೆಸರಿಗೆ ಗೀಟು. ಮೂರು ಗೀಟು ಬಿದ್ದರೆ ನಿನ್ನ ಸಲಿಕೆ ಇನ್ನೊಬ್ಬನ ಕೈಗೆ. ಅದಕ್ಕೆ ಎಲ್ಲರದೂ ಒಂದೇ ಉತ್ತರ: "ಏನಿಲ್ಲ ಮೇಸ್ತ್ರಿ." ಜ್ವರದಲ್ಲಿ ಹಲ್ಲು ಕಟಕಟ ಎನ್ನುವಾಗಲೂ ಏನಿಲ್ಲ. ಅಂಗೈ ಬೊಬ್ಬೆ ಒಡೆದಿದ್ದರೂ ಏನಿಲ್ಲ. ಮೇಸ್ತ್ರಿಯೂ ಕಡಿಮೆಯವನಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು. ಯಾರ ನಡಿಗೆಯಲ್ಲಾದರೂ ಅನುಮಾನ ಬಂದರೆ "ಒಂದೇ ಕಾಲಲ್ಲಿ ನಿಲ್ಲು ನೋಡೋಣ" ಎನ್ನುತ್ತಾನೆ. ಆಗ ಮಾಡಬೇಕಾದ್ದು ಒಂದೇ. ನೋಯುವ ಕಾಲಿನ ಮೇಲೆ ಮೊದಲು ನಿಲ್ಲಬೇಕು. ಅವನು ಕೇಳುವ ಮೊದಲೇ ನಿಂತರೆ ಇನ್ನೂ ಒಳ್ಳೆಯದು. ಅನುಮಾನವೇ ಹುಟ್ಟುವುದಿಲ್ಲ. ಹೊಸದಾಗಿ ಬಂದವರಿಗೆ ನಾವು ಸಲಿಕೆ ಹಿಡಿಯುವುದಕ್ಕಿಂತ ಮೊದಲು ಕಲಿಸುವುದು ಇದನ್ನೇ.

ಈ ವಿದ್ಯೆಯಲ್ಲಿ ನನ್ನ ಗಂಡನನ್ನು ಮೀರಿಸಿದವರಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಗೀಟಿಲ್ಲ. ಗ್ಯಾಂಗಿನವರು ಅವನನ್ನು ಕರೆಯುವುದೇ ಗುಂಡ್ಕಲ್ಲು ಎಂದು.

ಕಂಪನಿ ಡಾಕ್ಟರ ಕೋಣೆ ತಣ್ಣಗಿತ್ತು. ಮಂಚದ ಮೇಲೆ ಬಿಳಿ ಕಾಗದ ಹಾಸಿದ್ದರು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಡಾಕ್ಟರು ಕಾಲು ನೋಡಲಿಲ್ಲ, ಕಂಪ್ಯೂಟರ್ ನೋಡುತ್ತಿದ್ದರು. ಕೈಯಲ್ಲಿ ಪೆನ್ನಿತ್ತು. ಮುಂದೆ ಒಂದು ಪುಸ್ತಕ ತೆರೆದಿತ್ತು.

"ಏನಪ್ಪಾ, ಎಲ್ಲಾದ್ರೂ ನೋವಿದ್ಯಾ?"

ನನ್ನ ಗಂಡನ ಬೆನ್ನು ನೆಟ್ಟಗಾಯಿತು.

"ಏನಿಲ್ಲ ಸಾರ್."

ಊರುಗೋಲುಗಳನ್ನು ಗೋಡೆಗೆ ಒರಗಿಸಿದ. ಯಾರೂ ಕೇಳಿರಲಿಲ್ಲ. ಒಳ್ಳೆಯ ಕಾಲನ್ನು ಎತ್ತಿದ. ಕೀವು ಕಟ್ಟಿದ, ಸಲಾಕೆ ಸಡಿಲವಾದ, ಅರ್ಧ ಚರ್ಮವಿಲ್ಲದ ಆ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಅರೆ, ಪರವಾಗಿಲ್ವೇ! ಎಲ್ಲಿ, ಒಂದ್ಸಲ ಕೂತು ಏಳು."

ಕೂತ. ಎದ್ದ. ಕೇಳದಿದ್ದರೂ ಇನ್ನೊಂದು ಸಲ ಕೂತ, ಎದ್ದ.

"ಸುಳ್ಳು ಸಾರ್!" ನಾನು ಬಾಗಿಲಿನಿಂದ ಕಿರುಚಿದೆ. "ಅವ್ನು ಮಗ್ಗುಲು ತಿರುಗೋಕೂ ಆಗಲ್ಲ ಸಾರ್. ಬಟ್ಟೆ ಬಿಚ್ಚಿ ನೋಡಿ, ನಿಮ್ಮ ದಮ್ಮಯ್ಯ!"

"ಕಾಯಿಲೆ ಯಾರಿಗಮ್ಮ, ನಿನಗಾ ಅವನಿಗಾ?" ಎಂದರು ಡಾಕ್ಟರು. ಬರೆದುಕೊಂಡರು. ಕಾಲು ಮುಟ್ಟಲೇ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ಕುಸಿದು ಬಿದ್ದ. ಪಟ್ಟಿಯಿಂದ ರಕ್ತ, ಕೀವು ಕೂಡಿ ಇಳಿದು ಚಪ್ಪಲಿ ತುಂಬಿತ್ತು. ನಾನು ಅವನ ಕಾಲರ್ ಹಿಡಿದೆ.

"ಯಾಕೋ ಹಂಗ್ಮಾಡ್ದೆ? ನಿಂಗೇನು ದೆವ್ವ ಹಿಡಿದಿತ್ತಾ?"

"ಪುಸ್ತಕ ತೆರೆದು ಕೇಳ್ದ ಕಣೇ," ಎಂದ. ನಡುಗುತ್ತಿದ್ದ. "ಬಾಯಿಗೆ ಅದೇ ಬಂತು. ನೋವು ಅಂದ್ರೆ ಹೆಸರು ಹೊಡೀತಾನೆ ಅನ್ನಿಸ್ತು. ನಾನಲ್ಲ ಕಣೇ ನಿಂತಿದ್ದು, ಕಾಲೇ ನಿಂತ್ಬಿಡ್ತು."

ನಾಲ್ಕು ದಿನದ ಮೇಲೆ ಕಂಪನಿಯ ಕಾಗದ ಬಂತು. ವಕೀಲೆ ಓದಿ ಹೇಳಿದಳು. ಗಾಯಾಳು ತನಗೆ ನೋವಿಲ್ಲವೆಂದು ತಾನೇ ತಿಳಿಸಿದ್ದಾನೆ. ಆಸರೆಯಿಲ್ಲದೆ ಪೆಟ್ಟಾದ ಕಾಲಿನ ಮೇಲೆ ನಿಂತಿದ್ದಾನೆ. ಎರಡನೆಯ ಶಸ್ತ್ರಚಿಕಿತ್ಸೆ ಅನಗತ್ಯ. ಆಸ್ಪತ್ರೆಯವರ ಚಿತ್ರವಿದೆಯಲ್ಲ ಎಂದರೆ, ಆಸ್ಪತ್ರೆಯವರು ದುಡ್ಡಿನಾಸೆಗೆ ಏನು ಬೇಕಾದರೂ ಬರೆಯುತ್ತಾರೆ ಎಂದು ಕಂಪನಿಯ ವಾದ. ಕಾಲಿಗೆ ಉಳಿದಿದ್ದು ಒಂಬತ್ತು ದಿನ.

ವಕೀಲೆ ಓಡಾಡಿ, ಕಾಡಿ ಬೇಡಿ, ಎಂಟನೆಯ ದಿನಕ್ಕೆ ತುರ್ತು ವಿಚಾರಣೆ ಗೊತ್ತು ಮಾಡಿಸಿದಳು. ನ್ಯಾಯಾಧೀಶರು ಗಾಯಾಳುವನ್ನು ತಾವೇ ಕೇಳುತ್ತಾರಂತೆ. "ಅಣ್ಣಾ, ಒಂದೇ ಒಂದು ಮಾತು. ನೋವಿದ್ಯಾ ಅಂತ ಕೇಳ್ತಾರೆ. ಇದೆ ಅನ್ನಿ. ಅಷ್ಟೇ. ಅಷ್ಟು ಅಂದ್ರೆ ಕಾಲು ಉಳಿಯುತ್ತೆ."

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅತ್ತೆ ಟ್ರಂಕಿನ ಮೇಲೆ ಕೂತು ಜಡ್ಜಾದರು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡರು.

"ಏನೋ, ನೋವೈತೇನೋ?"

"ಏನಿಲ್ಲ ಅವ್ವ."

"ನಿನ್ ಬಾಯಿಗೆ ಮಣ್ಣಾಕ! ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ. ಇವನ್ನ ಸುಟ್ಟೂ ನೋಡಾಯ್ತಲ್ಲೇ!"

ನಕ್ಕೆವು. ನಗದೆ ಏನು ಮಾಡುವುದು? ನಕ್ಕು ಮುಗಿಸಿ ಅತ್ತೆ ಗೋಡೆಗೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮತ್ತೆ ಕೇಳಿದರು. ಮತ್ತೆ. ದಿನಕ್ಕೆ ನಲವತ್ತು ಸಲ, ಐವತ್ತು ಸಲ. ಐದನೆಯ ದಿನ ಅವನ ಬಾಯಿಂದ ಆ ಮಾತು ಹೊರಗೆ ಬಂತು. "ಇದೆ." ಹೇಳಿ ಕದ್ದವನ ಹಾಗೆ ಬಾಗಿಲ ಕಡೆ ನೋಡಿದ. ಏಳನೆಯ ದಿನದ ಹೊತ್ತಿಗೆ ಸಲೀಸಾಗಿ ಹೇಳುತ್ತಿದ್ದ. ಅಷ್ಟರಲ್ಲಿ ಕಾಲಿನ ಬೆರಳು ಕಪ್ಪಾಗತೊಡಗಿದ್ದವು.

ವಿಚಾರಣೆಯ ಕೋಣೆ ಶಾಲೆಯ ಕೋಣೆಯಷ್ಟೇ ಇತ್ತು. ಎತ್ತರದ ಮೇಜಿನ ಹಿಂದೆ ನ್ಯಾಯಾಧೀಶರು, ವಯಸ್ಸಾದ ಹೆಂಗಸು. ಕೆಳಗೆ ಟೈಪು ಮಾಡುವ ಗುಮಾಸ್ತ. ಬಾಗಿಲಲ್ಲಿ ಒಬ್ಬಳು ಪೊಲೀಸಮ್ಮ. ಕಂಪನಿ ವಕೀಲನ ಕರಿ ಕೋಟಿನಲ್ಲಿ ಒಂದು ಸುಕ್ಕಿಲ್ಲ. ಅವನ ಪಕ್ಕದ ಬೆಂಚಿನಲ್ಲಿ, ತೊಡೆಯ ಮೇಲೆ ಹಾಜರಿ ಪುಸ್ತಕ ಇಟ್ಟುಕೊಂಡು, ಮೇಸ್ತ್ರಿ ಕೂತಿದ್ದ.

"ಇವ್ನು ಯಾಕೆ ಬಂದ?" ಎಂದು ವಕೀಲೆಯನ್ನು ಕೇಳಿದೆ. "ಕಂಪನಿ ಕಡೆ ಸಾಕ್ಷಿ ಅಕ್ಕಾ. ನನಗೂ ಈಗ್ಲೇ ಗೊತ್ತಾಗಿದ್ದು," ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಮೊದಲು ಮೇಸ್ತ್ರಿಯನ್ನೇ ಕರೆದರು.

"ಇವರು ನಿಮಗೆ ಎಷ್ಟು ವರ್ಷದಿಂದ ಗೊತ್ತು?" ಎಂದು ಕಂಪನಿ ವಕೀಲ ಕೇಳಿದ.

"ಇಪ್ಪತ್ತು ವರ್ಷ ಸ್ವಾಮಿ. ಗುಂಡುಕಲ್ಲು ಇದ್ದಂಗೆ ಇದಾನೆ. ಒಂದು ದಿನಾನೂ ನೋವು ಅಂದೋನಲ್ಲ. ಪುಸ್ತಕ ನೋಡಿ, ಒಂದು ಗೀಟಿಲ್ಲ."

"ಅಂದ್ರೆ, ನೋವಿದ್ರೆ ಹೇಳೋಕೆ ಅವಕಾಶ ಇತ್ತು?"

"ದಿನಾ ಬೆಳಿಗ್ಗೆ ನಾನೇ ಕೇಳ್ತೀನಲ್ಲ ಸ್ವಾಮಿ! ಕೇಳ್ದೇ ಯಾರನ್ನೂ ಕೆಲ್ಸಕ್ಕೆ ಹಚ್ಚಲ್ಲ."

ಅಯ್ಯೋ ಪಾಪಿ. ಕೇಳುವುದಂತೂ ನಿಜ. ಅವನು ಆಡಿದ ಒಂದೊಂದು ಮಾತೂ ನಿಜ, ಅದೇ ನನ್ನ ಮೈ ಉರಿಸಿತು. ಅವನು ಹೋಗಿ ಕೂತ. ಕೂತವನು ಪುಸ್ತಕ ಮುಚ್ಚಲಿಲ್ಲ.

ನನ್ನ ಗಂಡನನ್ನು ಕರೆದರು. ಊರುಗೋಲು ಊರಿಕೊಂಡು ಹೋಗಿ ಮುಂದೆ ನಿಂತ. ನ್ಯಾಯಾಧೀಶರ ದನಿ ಮೆತ್ತಗಿತ್ತು. ಕೆಟ್ಟವರಲ್ಲ ಆಕೆ. ಆದರೆ ಅವರೂ ಪೆನ್ನು ಹಿಡಿದುಕೊಂಡೇ ಕೇಳಿದರು.

"ಹೇಳಪ್ಪಾ. ಈಗ ಕಾಲಲ್ಲಿ ನೋವಿದೆಯಾ?"

ಅವನು ಬಾಯಿ ತೆರೆದ. ತುಟಿ 'ಇ' ಎಂದು ತಿರುಗಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಬೆಂಚಿನ ಕಡೆಯಿಂದ ಮೇಸ್ತ್ರಿ ಕೆಮ್ಮಿದ. ಸುಮ್ಮನೆ ಕೆಮ್ಮಿದನೋ ಬೇಕೆಂದೇ ಕೆಮ್ಮಿದನೋ ಅವನ ಮನಸ್ಸಾಕ್ಷಿಗೇ ಗೊತ್ತು. ನನ್ನ ಗಂಡ ಆ ಕಡೆ ತಿರುಗಿದ. ಪುಸ್ತಕ ನೋಡಿದ. ಬೆನ್ನು ನೆಟ್ಟಗಾಯಿತು.

"ಏನಿಲ್ಲ ತಾಯಿ."

ಊರುಗೋಲುಗಳನ್ನು ಬಿಟ್ಟ. ನೆಲಕ್ಕೆ ಬಿದ್ದು ಸದ್ದಾಯಿತು. ಒಳ್ಳೆಯ ಕಾಲನ್ನು ಮೇಲಕ್ಕೆತ್ತಿದ. ನೋಯುವ ಕಾಲಿನ ಮೇಲೆ ನಿಂತ.

"ನೋಡಿದ್ರಲ್ಲ ತಾವೇ," ಎಂದ ಕಂಪನಿ ವಕೀಲ. ಮುಸಿಮುಸಿ ನಗುತ್ತಿದ್ದ. "ನಾನಿನ್ನೇನೂ ಕೇಳೋದಿಲ್ಲ. ಇಂಥವರಿಗೆಲ್ಲ ದುಡ್ಡು ಕೊಡ್ತಾ ಹೋದ್ರೆ ಕಂಪನಿ ಬಾಗಿಲು ಹಾಕ್ಬೇಕಾಗುತ್ತೆ. ಸುಳ್ಳು ಹೇಳೋಕೆ ಹೆಂಡ್ತಿ ಕಲಿಸಿ ಕರ್ಕೊಂಡು ಬಂದಿದ್ದಾಳೆ. ಪಾಪ, ಇವನಿಗೆ ಸುಳ್ಳು ಬರ್ತಿಲ್ಲ."

ಗುಮಾಸ್ತನ ಬೆರಳು ಟಕಟಕ ಎಂದವು. 'ಏನಿಲ್ಲ' ಎಂದು ಅಚ್ಚಾಗುತ್ತಿತ್ತು. ನನ್ನ ಕಣ್ಣ ಮುಂದೆ ಕಾಲು ಕತ್ತರಿಸುತ್ತಿದ್ದರು. ಗರಗಸ ಬೇಕಿರಲಿಲ್ಲ, ಆ ಒಂದು ಮಾತಿನಲ್ಲೇ ಕತ್ತರಿಸುತ್ತಿದ್ದರು. ಅವನು ಮಾತ್ರ ಗಲ್ಲ ಎತ್ತಿ, ಎದೆ ಉಬ್ಬಿಸಿ, ಗೀಟು ಬೀಳದೆ ಉಳಿದವನ ಹಾಗೆ ನಿಂತಿದ್ದ. ಪಟ್ಟಿಯ ಕೆಳಗಿಂದ ಹಳದಿ ನೀರು ನೆಲಕ್ಕೆ ಇಳಿಯುತ್ತಿತ್ತು.

ನಾನು ಬೆಂಚು ದಾಟಿದ್ದು ನೆನಪಿಲ್ಲ. ಊರುಗೋಲು ಕೈಗೆ ಬಂದದ್ದು ನೆನಪಿದೆ. ಎರಡೂ ಕೈಯಲ್ಲಿ ಹಿಡಿದೆ. ಜಲ್ಲಿ ಒಡೆಯುವಾಗ ಸುತ್ತಿಗೆ ಎತ್ತುವಷ್ಟು ಎತ್ತಿದೆ. ನನ್ನ ಗಂಡನ ಆ ಕಾಲಿಗೆ, ಮಂಡಿಯ ಕೆಳಗೆ, ಸಲಾಕೆಯ ಮೇಲೆ, ಬಲವಾಗಿ ಬಾರಿಸಿದೆ.

ಅವನು ಕೂಗಿದ.

ಮದುವೆಯಾಗಿ ಹತ್ತೊಂಬತ್ತು ವರ್ಷ. ಅವನ ಕೂಗು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕತ್ತು ಸೀಳುವಾಗ ಎತ್ತು ಹಾಗೆ ಕೂಗುತ್ತದೆ. ಪಕ್ಕದ ಕೋಣೆಗಳಿಂದ ಜನ ಓಡಿ ಬಂದರು. ಅವನು ನೆಲಕ್ಕೆ ಬಿದ್ದು ಹೊರಳಿದ. ಪಟ್ಟಿ ಕಿತ್ತು ಗಾಯ ಬಾಯಿ ಬಿಟ್ಟಿತು. ರಕ್ತ, ಕೀವು ಕಂಪನಿ ವಕೀಲನ ಬೂಟಿನವರೆಗೆ ಸಿಡಿಯಿತು. ನನ್ನ ಗಂಡನಿಗೆ ಪ್ಯಾಂಟಿನಲ್ಲೇ ಉಚ್ಚೆ ಹೋಯಿತು. ಕೋಣೆಯ ತುಂಬ ನಮ್ಮ ಮನೆಯ ವಾಸನೆ ಎದ್ದಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ, ನಾವು ದಿನಾ ಅದರಲ್ಲೇ ಉಂಡಿದ್ದೇವೆ.

ಪೊಲೀಸಮ್ಮ ನನ್ನ ಜುಟ್ಟು ಹಿಡಿದು ಹಿಂದಕ್ಕೆಳೆದಳು. ಕೈ ತಿರುಚಿ ಬೆನ್ನಿಗೆ ಒತ್ತಿದಳು. ನನ್ನ ಮೊಣಕಾಲು ನೆಲಕ್ಕೆ ಬಡಿಯಿತು.

"ಏನು ಹೆಂಗಸಮ್ಮ ನೀನು!" ನ್ಯಾಯಾಧೀಶರು ಎದ್ದು ನಿಂತಿದ್ದರು. "ಗಂಡನಿಗೆ, ಅದೂ ಆ ಕಾಲಿಗೆ... ಯಾಕೆ ಹೊಡೆದೆ?"

"ಕಾರು ಹೊಡೆದಿದ್ದು ನಿಮಗ್ಯಾರಿಗೂ ಸಾಲ್ಲಿಲ್ವಲ್ಲ ತಾಯಿ," ಎಂದೆ. "ಅದಕ್ಕೆ ನಾನೂ ಹೊಡ್ದೆ. ಬರ್ಕೊಳ್ಳಿ. ಅವ್ನು ಕೂಗಿದ್ದು ಕೇಳಿಸ್ತಲ್ಲ, ಅದನ್ನ ಬರ್ಕೊಳ್ಳಿ. ಆಮೇಲೆ ನನ್ನ ಜೈಲಿಗಾದ್ರೂ ಹಾಕಿ, ನೇಣಿಗಾದ್ರೂ ಹಾಕಿ."

ಕಂಪನಿ ವಕೀಲ ಏನೋ ಹೇಳಲು ಬಾಯಿ ತೆರೆದ. ನೆಲದಿಂದ ದನಿ ಬಂತು.

"ಹೊಡೀಬೇಡ ಕಣೇ. ಹೇಳ್ತೀನಿ."

ಕೈ ಅಡ್ಡ ಹಿಡಿದು, ನನ್ನ ಕಡೆಗೇ ನೋಡುತ್ತ ಹೇಳುತ್ತಿದ್ದ. ನಾನು ಇನ್ನೊಂದು ಸಲ ಹೊಡೆಯುತ್ತೇನೆ ಎಂದು ಹೆದರಿದ್ದ. ನನ್ನ ಕೈ ಕತ್ತರಿಸಿ ಬಿಸಾಡಬೇಕು ಅನ್ನಿಸಿತು.

"ಹೇಳ್ತೀನಿ. ನೋವಿದೆ. ಇದೆ ತಾಯಿ, ನೋವಿದೆ."

ನ್ಯಾಯಾಧೀಶರು ಪೊಲೀಸಮ್ಮನಿಗೆ ನನ್ನನ್ನು ಬಿಡಲು ಸನ್ನೆ ಮಾಡಿದರು. "ಮೊದ್ಲು ಇವರನ್ನ ಆಸ್ಪತ್ರೆಗೆ ಕಳಿಸಿ. ಉಳಿದದ್ದು ನಾಳೆ ನೋಡೋಣ," ಎಂದರು.

"ಹೋಗಲ್ಲ," ಎಂದ ನನ್ನ ಗಂಡ.

"ಏನಂದೆ?"

"ಹೋಗಲ್ಲ ತಾಯಿ. ನಾಳೆ ಅಂದ್ರೆ ನಾಳೆ ಬೆಳಿಗ್ಗೆ ನನ್ನ ಬಾಯಲ್ಲಿ ಏನು ಬರುತ್ತೋ ನಂಗೇ ನಂಬಿಕೆ ಇಲ್ಲ. ಈಗ ಬಾಯಿ ಬಿಟ್ಟಿದೆ, ಈಗ್ಲೇ ಬರ್ಕೊಳ್ಳಿ. ಬರೆದಾದ್ಮೇಲೆ ಹೋಗ್ತೀನಿ."

ನಾನು ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವನು ತಳ್ಳಲಿಲ್ಲ. ನನ್ನ ಸೆರಗು ಹರಿದು ಕಾಲಿಗೆ ಬಿಗಿದು ಕಟ್ಟಿದೆ. ಕಟ್ಟುವಾಗ ಕೂಗಿದ. ಈ ಸಲ ಹಲ್ಲು ಕಚ್ಚಲಿಲ್ಲ, ಬಾಯಿ ತುಂಬ ಕೂಗಿದ. ಗುಮಾಸ್ತ ಮೇಲಕ್ಕೆ ನೋಡಿದ. ನ್ಯಾಯಾಧೀಶರು ಕೂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬರೀರಿ," ಎಂದರು.

"ಮೊದಲ್ನೇ ವರ್ಷ," ಎಂದ ನನ್ನ ಗಂಡ. "ಡಾಂಬರಿನ ಪೀಪಾಯಿ ಉರುಳಿ ಬಲಗೈ ಎರಡು ಬೆರಳು ಮುರೀತು. ಮಡಚೋಕಾಗಲ್ಲ, ನೋಡಿ. ನೋಯ್ತಿತ್ತು. ಏನಿಲ್ಲ ಅಂದೆ. ಎರಡ್ನೇ ವರ್ಷ ಬೆನ್ನಿನ ಮೇಲೆ ಕಾದ ಎಣ್ಣೆ ಬಿತ್ತು. ಅಂಗಿ ಬಿಚ್ಚಿಸಿ ಇವ್ಳೇ ಚರ್ಮ ಸುಲಿದ್ಲು. ಮಾರನೇ ದಿನ ಕೆಲ್ಸಕ್ಕೆ ಹೋದೆ."

"ಮೇಡಂ, ಇದಕ್ಕೂ ಅಪಘಾತಕ್ಕೂ ಏನು ಸಂಬಂಧ?" ಕಂಪನಿ ವಕೀಲ ಕರವಸ್ತ್ರದಿಂದ ಬೂಟು ಒರೆಸುತ್ತ ಕೇಳಿದ.

"ಕೂತ್ಕೊಳ್ಳಿ," ಎಂದರು ನ್ಯಾಯಾಧೀಶರು.

"ಮೂರ್ನೇ ವರ್ಷ ಇವ್ಳು ಏಳು ತಿಂಗಳ ಬಸುರಿ. ಹೊಟ್ಟೆ ಬಿಗಿದು ಕಟ್ಕೊಂಡು ಹಾಜರಿಗೆ ನಿಂತ್ಲು. ಬಾಂಡ್ಲಿ ಹೊತ್ಲು. ಮಗು ರಸ್ತೆ ಪಕ್ಕದಲ್ಲೇ ಹೋಯ್ತು. ಅದೇ ಜಲ್ಲಿ ರಾಶಿ ಹಿಂದೆ ಮಣ್ಣು ಮಾಡ್ದೆ. ಮರುದಿನ ಇಬ್ರೂ ಹೋಗಿ ನಿಂತ್ವಿ. ಏನಿಲ್ಲ ಅಂದ್ವಿ. ಇಬ್ರೂ."

ಹದಿನೇಳು ವರ್ಷದಲ್ಲಿ ಆ ಮಾತನ್ನು ನಾವು ಮನೆಯೊಳಗೂ ಆಡಿರಲಿಲ್ಲ. ಅತ್ತೆಯ ಮುಂದೆಯೂ ಆಡಿರಲಿಲ್ಲ. ಅಷ್ಟು ಜನರ ಮಧ್ಯೆ ನಾನು ಹೋ ಎಂದು ಅತ್ತುಬಿಟ್ಟೆ, ಯಾರೂ ತಡೆಯಲಿಲ್ಲ. ಪೊಲೀಸಮ್ಮ ಗೋಡೆಯ ಕಡೆ ತಿರುಗಿಕೊಂಡಳು.

"ಏಯ್ ಗುಂಡ್ಕಲ್ಲು," ಎಂದು ಮೇಸ್ತ್ರಿ ಬೆಂಚಿನಿಂದ ಎದ್ದ. "ಹಳೇದನ್ನೆಲ್ಲ ಯಾಕೋ ಕೆದಕ್ತೀಯ? ಕೆಲ್ಸ ಬೇಕೋ ಬೇಡ್ವೋ ನಿಂಗೆ?"

"ನೀನು ಸುಮ್ನೆ ಕೂತ್ಕೋ," ಎಂದ ನನ್ನ ಗಂಡ.

ಮೇಸ್ತ್ರಿಯನ್ನು ನೀನು ಎಂದದ್ದು ಅದೇ ಮೊದಲು. ಮೇಸ್ತ್ರಿ ನಿಂತೇ ಇದ್ದ. ಪುಸ್ತಕ ಮುಚ್ಚುವುದೋ ತೆರೆದಿಡುವುದೋ ಅವನಿಗೆ ತಿಳಿಯಲಿಲ್ಲ.

ನಾಲ್ಕನೆಯ ವರ್ಷ ಆಯಿತು. ಐದನೆಯ ವರ್ಷ ಆಯಿತು. ಹೊಗೆ ಕುಡಿದ ಎದೆ, ರೋಲರಿನ ಸದ್ದಿಗೆ ಕಿವುಡಾದ ಎಡಗಿವಿ, ಮೇಸ್ತ್ರಿ ಒದ್ದು ಮುರಿದ ಪಕ್ಕೆಲುಬು. ಒಂದೊಂದಕ್ಕೂ ವರ್ಷ ಹೇಳಿದ, ರಸ್ತೆ ಹೇಳಿದ. ದನಿ ಸಣ್ಣಗಾಗುತ್ತ ಬಂತು, ನಿಲ್ಲಲಿಲ್ಲ. ಬಾಗಿಲಲ್ಲಿ ಸ್ಟ್ರೆಚರ್ ಬಂದು ಕಾಯುತ್ತಿತ್ತು. ಊಟದ ಹೊತ್ತಾಯಿತು, ಮೀರಿತು, ಒಬ್ಬರೂ ಕದಲಲಿಲ್ಲ. ಗುಮಾಸ್ತ ಎರಡು ಸಲ ಕಾಗದ ಬದಲಾಯಿಸಿದ. ಹತ್ತೊಂಬತ್ತನೆಯ ವರ್ಷಕ್ಕೆ ಅವನು ಉಸಿರು ಎಳೆದುಕೊಳ್ಳಲು ನಿಂತ. ನಾನು ಅವನ ಬಾಯಿಗೆ ನೀರು ಬಿಟ್ಟೆ.

ನ್ಯಾಯಾಧೀಶರು ಮೇಜಿನ ಮೇಲಿಂದ ಬಗ್ಗಿ ನೋಡಿದರು.

"ಮುಗೀತೇನಪ್ಪಾ?"

"ಇಲ್ಲ ತಾಯಿ," ಎಂದ. "ಇನ್ನೂ ಕಾಲಿಗೆ ಬಂದಿಲ್ಲ."